ಮಾತು ಅವರದು, ಪೆಟ್ಟು ಯಾರದು?

ಬೆಂಗಳೂರಿನಲ್ಲಿ ಒಬ್ಬ ರಾಜಕಾರಣಿ, ಉಳಿದವರು ಆಡಲು ಹಿಂಜರಿಯುವ ಮಾತನ್ನು ಮೈಕಿನ ಮುಂದೆ ಮುಲಾಜಿಲ್ಲದೆ ಆಡುತ್ತಾರೆ. ಜಾತಿಯ ಬಗ್ಗೆ, ದೇವರ ಹೆಸರಿನಲ್ಲಿ ನಡೆಯುವ ವ್ಯಾಪಾರದ ಬಗ್ಗೆ, ಭೂಮಿ ಯಾರ ಕೈಯಲ್ಲಿದೆ ಎಂಬುದರ ಬಗ್ಗೆ. ಸಂಜೆಯೊಳಗೆ ಆ ಭಾಷಣದ ಒಂದು ನಿಮಿಷದ ತುಂಡು ಸಕಲೇಶಪುರ ಕಡೆಯ ಹೆತ್ತೂರು ಹೋಬಳಿಯನ್ನೂ ತಲುಪುತ್ತದೆ. ಅಲ್ಲಿನ ಹೊಂಗಡಹಳ್ಳದ ಹುಡುಗರಿಗೆ ನೆಟ್‌ವರ್ಕ್ ಎಲ್ಲಿ ಸಿಗುತ್ತದೆ, ಎಲ್ಲಿ ಸಿಗುವುದಿಲ್ಲ ಎಂಬುದು ಬಾಯಿಪಾಠ. ದಿಬ್ಬ ಹತ್ತಿ ನಿಂತು ನೋಡುತ್ತಾರೆ, ಸ್ಟೇಟಸ್‌ಗೆ ಹಾಕುತ್ತಾರೆ. ಹಾಕಿದವರಲ್ಲಿ ಒಬ್ಬ ಹುಡುಗ ಡಿಗ್ರಿ ಮುಗಿಸಿದವನು. ಅಪ್ಪ ಅಮ್ಮ ಇಬ್ಬರೂ ಕಾಫಿ ತೋಟದ ಕೆಲಸಕ್ಕೆ ಹೋಗುವವರು, ಇರುವುದು ಲೈನ್ ಮನೆಯಲ್ಲಿ. ಆ ಸ್ಟೇಟಸ್ ನೋಡಿದವರಲ್ಲಿ ತೋಟದ ರೈಟರೂ ಒಬ್ಬರು.

ಮಾರನೆಯ ದಿನ ಹಾಜರಿ ಹಾಕುವಾಗ ರೈಟರು ಬೈಯುವುದಿಲ್ಲ. "ನಿನ್ ಮಗ ಲೀಡ್ರಾಗವ್ನಂತೆ ಕಣಯ್ಯ" ಎಂದು ನಗುತ್ತಾರೆ, ಅಷ್ಟೆ. ಆ ನಗುವಿನ ಅರ್ಥ ಅಪ್ಪನಿಗೆ ಗೊತ್ತು. ಮನೆ ತೋಟದ್ದು, ಕರೆಂಟು ತೋಟದ್ದು, ಮಗಳ ಮದುವೆಗೆ ತೆಗೆದುಕೊಂಡ ಮುಂಗಡ ಇನ್ನೂ ಪುಸ್ತಕದಲ್ಲಿದೆ. ರಾತ್ರಿ ಊಟಕ್ಕೆ ಕೂತಾಗ ಅಪ್ಪ ಹೇಳುತ್ತಾನೆ: "ನಿನ್ ಲೀಡ್ರು ಬೆಂಗ್ಳೂರಲ್ಲವ್ರೆ ಮಗ. ರೈಟ್ರು ಇಲ್ಲೇ ಅವ್ರೆ."

ಇದು ಒಂದು ಮನೆಯ ಕತೆಯಲ್ಲ. ಸಕಲೇಶಪುರ, ಆಲೂರಿನ ತೋಟಗಳಲ್ಲಿ ಅಲ್ಪಸ್ವಲ್ಪ ವ್ಯತ್ಯಾಸದಲ್ಲಿ ನಡೆಯುತ್ತಲೇ ಇರುವಂಥದು. ಓದಿದ ಮಗನಿಗೆ ಅಪ್ಪನ ಮಾತು ಹೇಡಿತನ ಅನ್ನಿಸುತ್ತದೆ. ನನಗೆ ಹಾಗನ್ನಿಸುವುದಿಲ್ಲ. ಆಡಿದವರಿಗೂ ಪೆಟ್ಟು ತಿನ್ನುವವರಿಗೂ ನಡುವೆ ಎಷ್ಟು ದೂರವಿದೆ ಎಂದು ಆ ಅಪ್ಪ ಕರಾರುವಾಕ್ಕಾಗಿ ಅಳೆದಿದ್ದಾನೆ. ನೇರ ಮಾತಿನ ನಾಯಕರನ್ನು ಮೆಚ್ಚಿ ಹಿಂದೆ ಹೋಗುವ ಪ್ರಗತಿಪರ ಯುವಕರ ಬಗ್ಗೆ ಯೋಚಿಸುವಾಗೆಲ್ಲ ನಾನು ಈ ದೂರದಿಂದಲೇ ಶುರುಮಾಡುತ್ತೇನೆ. ನಾಯಕ ಸರಿಯೇ ತಪ್ಪೇ ಎಂಬುದು ಆಮೇಲಿನ ಮಾತು.

ಕರ್ನಾಟಕದಲ್ಲಿ ಈ ದೂರ ಒಮ್ಮೆ ಎಲ್ಲರ ಕಣ್ಣಿಗೂ ಬಿತ್ತು. ಅದು 1973ರ ನವೆಂಬರ್. ದೇವರಾಜ ಅರಸರ ಸಂಪುಟದಲ್ಲಿ ಮಂತ್ರಿಯಾಗಿದ್ದ ಬಿ. ಬಸವಲಿಂಗಪ್ಪ ಮೈಸೂರಿನ ಸಭೆಯೊಂದರಲ್ಲಿ, ಕನ್ನಡ ಸಾಹಿತ್ಯದಲ್ಲಿ ಬಹುಪಾಲು ಬೂಸಾ ಎಂದುಬಿಟ್ಟರು. ದಲಿತ ಮಕ್ಕಳು ಇಂಗ್ಲಿಷ್ ಕಲಿಯಲಿ ಎಂಬುದು ಅವರ ವಾದದ ಸಾರ. ಬಸವಲಿಂಗಪ್ಪ ವಕೀಲರು, ರಾಜಕಾರಣ ಮಾಡಿದ್ದು ಬೆಂಗಳೂರಿನಲ್ಲಿ. ನಾಲಿಗೆಗೆ ಬೇಲಿ ಹಾಕಿಕೊಂಡವರಲ್ಲ. ದೇವರ ಪಟಗಳ ಬಗ್ಗೆ ಅವರು ಆಡಿದ ಮಾತಿಗೂ ಅದಾಗಲೇ ಗದ್ದಲವಾಗಿತ್ತು. ಆದರೆ ಬರಿಯ ಬಾಯಿಯ ಮನುಷ್ಯ ಎಂದರೆ ಅವರಿಗೆ ಅನ್ಯಾಯ ಮಾಡಿದಂತೆ. ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ರಾಜ್ಯದಲ್ಲಿ ನಿಲ್ಲಿಸಲು ಆದೇಶ ಹೊರಡಿಸಿದವರು ಅವರೇ. ಕೇಂದ್ರ ಸರ್ಕಾರ ಆ ವಿಷಯಕ್ಕೆ ಕಾಯ್ದೆ ತಂದದ್ದು 1993ರಲ್ಲಿ, ಅಂದರೆ ಇಪ್ಪತ್ತು ವರ್ಷ ತಡವಾಗಿ. ಹೀಗೆ ಕೆಲಸ ಮಾಡಿ ತೋರಿಸಿದ್ದವರು ಆಡಿದ್ದರಿಂದಲೇ ಆ ಮಾತು ಅಷ್ಟು ಚುಚ್ಚಿತೋ ಏನೋ.

ಮುಂದೆ ಆದದ್ದು ಗೊತ್ತೇ ಇದೆ. ಕಾಲೇಜುಗಳು ಬಂದ್, ಮೆರವಣಿಗೆ, ಪ್ರತಿಕೃತಿ ದಹನ. ಮಂತ್ರಿಗೆ ಪೊಲೀಸ್ ಕಾವಲಿತ್ತು, ಬಂಗಲೆಯಿತ್ತು. ಕಲ್ಲು ಬಿದ್ದದ್ದು ದಲಿತ ಹುಡುಗರಿದ್ದ ಹಾಸ್ಟೆಲ್‌ಗಳ ಮೇಲೆ. ಮೈಸೂರು, ಬೆಂಗಳೂರಿನ ಬೀದಿಗಳಲ್ಲಿ ಏಟು ತಿಂದವರಲ್ಲಿ ಆ ಭಾಷಣ ಕೇಳಿಯೇ ಇರದ ವಿದ್ಯಾರ್ಥಿಗಳಿದ್ದರು. ಬಸವಲಿಂಗಪ್ಪ ಏನೂ ಕಳೆದುಕೊಳ್ಳಲಿಲ್ಲ ಎನ್ನಲಾಗದು, ಕೆಲವು ವಾರಗಳಲ್ಲಿ ಮಂತ್ರಿಗಿರಿ ಬಿಡಬೇಕಾಯಿತು. ಆದರೂ ಕಳೆದುಕೊಂಡ ಮಂತ್ರಿಗಿರಿ ಬೇಕಾದರೆ ಮತ್ತೆ ಸಿಗುತ್ತದೆ. ಅವರಿಗೆ ಸಿಕ್ಕಿತು ಕೂಡ. ಹೆದರಿ ಹಾಸ್ಟೆಲ್ ಬಿಟ್ಟು ಊರಿಗೆ ಹೋದ ಹುಡುಗನೊಬ್ಬ ಮತ್ತೆ ಕಾಲೇಜಿಗೆ ಬಂದನೇ ಎಂದು ಯಾರು ಲೆಕ್ಕ ಇಟ್ಟಿದ್ದಾರೆ?

ಆ ದಿನಗಳಲ್ಲಿ ಬಸವಲಿಂಗಪ್ಪನವರ ಪರ ನಿಂತವರು ಯಾರು ಎಂದು ನೋಡಿದರೆ ಅಚ್ಚರಿಯಾಗುತ್ತದೆ. ಕುವೆಂಪು ನಿಂತರು. ಕನ್ನಡ ಸಾಹಿತ್ಯದ ಮೇರು ಎಂದು ಎಲ್ಲರೂ ಒಪ್ಪಿದವರೇ ಆ ಮಾತಿನಲ್ಲಿ ಹುರುಳಿದೆ ಎಂದದ್ದು ಗದ್ದಲ ಎಬ್ಬಿಸಿದವರಿಗೆ ನುಂಗಲಾರದ ತುತ್ತಾಯಿತು. ಸಮಾಜವಾದಿ ಯುವಜನ ಸಭಾದ ಹುಡುಗರು, ವಿಚಾರವಾದಿಗಳು ನಿಂತರು. ಇವರಿಗಿಂತ ಮುಖ್ಯವಾಗಿ, ಆಗಿನ್ನೂ ಇಪ್ಪತ್ತರ ಆಸುಪಾಸಿನಲ್ಲಿದ್ದ ದಲಿತ ಯುವಕರು ನಿಂತರು. ಮೈಸೂರಿನಲ್ಲಿ ದೇವನೂರ ಮಹಾದೇವ, ಬೆಂಗಳೂರಿನಲ್ಲಿ ಸಿದ್ದಲಿಂಗಯ್ಯ. ಭದ್ರಾವತಿಯಲ್ಲಿ ಪಾಠ ಹೇಳುತ್ತಿದ್ದ ಬಿ. ಕೃಷ್ಣಪ್ಪ ಇವರಿಗಿಂತ ಹಿರಿಯರು. ಆ ಗಲಾಟೆಯ ಬೆನ್ನಿಗೇ ದಲಿತ ಸಂಘರ್ಷ ಸಮಿತಿ ರೂಪುಗೊಂಡಿತು.

ಇವರು ಮಾಡಿದ ಕೆಲಸ ಎಂಥದು? ಕನ್ನಡದಲ್ಲಿ ಇರುವುದು ಬಹುಪಾಲು ಬೂಸಾ ಎಂದ ಮನುಷ್ಯನ ಪರವಾಗಿ ಬೀದಿಗೆ ಇಳಿದವರು ಮನೆಗೆ ಹೋಗಿ ಕೂತು ಬರೆದದ್ದು ಕನ್ನಡದಲ್ಲಿ. ಮಹಾದೇವರ 'ದ್ಯಾವನೂರು' ಬಂದದ್ದು ಅದೇ 1973ರಲ್ಲಿ. ಸಿದ್ದಲಿಂಗಯ್ಯನವರ 'ಹೊಲೆಮಾದಿಗರ ಹಾಡು' 1975ರಲ್ಲಿ. ಮುಂದೆ 'ಕುಸುಮಬಾಲೆ'ಗೆ 1990ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಆ ಕೃತಿಯ ಭಾಷೆ ಇಂಗ್ಲಿಷಿನಿಂದ ಸಾವಿರ ಮೈಲಿ ದೂರದ, ನಂಜನಗೂಡು ಸೀಮೆಯ ಮಾತು. ಅಂದರೆ ಯಾರ ಮಾತಿನ ಹಕ್ಕಿಗಾಗಿ ಬಡಿದಾಡಿದರೋ ಅವರ ಮಾತನ್ನೇ ತಮ್ಮ ಬರವಣಿಗೆಯಿಂದ ಸುಳ್ಳು ಮಾಡಿದರು. ನಾಯಕರಿಗೆ ಎದುರಾಡಿದ್ದೇವೆ ಎಂಬ ಅಳುಕು ಅವರಲ್ಲಿ ಕಾಣುವುದಿಲ್ಲ. ನಾಯಕರು ಹೇಳಿದ್ದನ್ನೇ ಗಿಣಿಪಾಠ ಒಪ್ಪಿಸಬೇಕೆಂಬ ಹಟವೂ ಇರಲಿಲ್ಲ. ಬಸವಲಿಂಗಪ್ಪ ಕೇಳಿದ ಪ್ರಶ್ನೆಯನ್ನು ಅವರು ಇಟ್ಟುಕೊಂಡರು: ಈ ಸಾಹಿತ್ಯದಲ್ಲಿ ನಾವೆಲ್ಲಿ? ಅವರು ಕೊಟ್ಟ ಉತ್ತರವನ್ನು ಮಾತ್ರ ಸುಮ್ಮನೆ ಪಕ್ಕಕ್ಕಿಟ್ಟರು.

ನನಗೆ ತಿಳಿದ ಮಟ್ಟಿಗೆ ಹಿಂಬಾಲಿಸುವುದು ಎಂಬುದರ ಅತ್ಯುತ್ತಮ ಮಾದರಿ ಇದೇ. ಇವತ್ತಿನ ಹುಡುಗರು ಇದನ್ನು ಮಾಡುವುದಿಲ್ಲ ಎಂದು ಗೊಣಗುವುದು ಸುಲಭ, ವಯಸ್ಸಾದವರಿಗೆ ಅಭ್ಯಾಸವೂ ಹೌದು. ಆದರೆ ಒಂದು ವ್ಯತ್ಯಾಸವನ್ನು ಮರೆಯಬಾರದು. 1973ರ ಹುಡುಗರಿಗೆ ಬಸವಲಿಂಗಪ್ಪನವರ ಮಾತು ಸಿಕ್ಕಿದ್ದು ಪತ್ರಿಕೆಯಲ್ಲಿ, ಮರುದಿನವೋ ಅದರ ಮರುದಿನವೋ. ಸಿಕ್ಕಿದ ಮೇಲೆ ಹಾಸ್ಟೆಲ್‌ನಲ್ಲಿ ರಾತ್ರಿಯಿಡೀ ಜಗಳವಾಡಲು ಹತ್ತು ಜನ ಇದ್ದರು. ನಮ್ಮ ಹುಡುಗನಿಗೆ ಮಾತು ಸಿಗುವುದು ದಿಬ್ಬದ ಮೇಲೆ, ಒಬ್ಬಂಟಿಯಾಗಿ. ಜಗಳವಾಡಲು ಅವನ ಜೊತೆ ಯಾರಿದ್ದಾರೆ? ಅವನ ಓರಗೆಯವರು ಬೆಂಗಳೂರಿನಲ್ಲಿ ಡೆಲಿವರಿ ಕೆಲಸದಲ್ಲಿದ್ದಾರೆ. ಈಗ ತೋಟದಲ್ಲಿ ಕಾಫಿ ಕುಯ್ಯುವವರಲ್ಲಿ ಬಹಳ ಜನ ಅಸ್ಸಾಮಿನ ಕಡೆಯಿಂದ ಬಂದವರು. ಅವರ ಮೊಬೈಲಿನಲ್ಲಿ ಬೇರೆಯೇ ನಾಯಕರ ಭಾಷಣ ಓಡುತ್ತಿರುತ್ತದೆ.

ದೊಡ್ಡ ಊರಿನ ನಾಯಕರು ಸಣ್ಣ ಊರಿನ ವಿಷಯ ಬಂದಾಗ ಎಲ್ಲಿ ಧ್ವನಿ ತಗ್ಗಿಸುತ್ತಾರೆ ಎಂಬುದನ್ನೂ ಗಮನಿಸಬೇಕು. ಅದೇ ಅರಸರ ಕಾಲದ ಭೂಸುಧಾರಣೆಯನ್ನೇ ತೆಗೆದುಕೊಳ್ಳಿ. 1974ರ ಮಾರ್ಚ್ 1ರಿಂದ ಜಾರಿಗೆ ಬಂದ ತಿದ್ದುಪಡಿ ಲಕ್ಷಾಂತರ ಗೇಣಿದಾರರ ಬದುಕು ಬದಲಿಸಿತು, ಅದರಲ್ಲಿ ಎರಡು ಮಾತಿಲ್ಲ. ಮಲೆನಾಡಿನ ಗದ್ದೆ ಬಯಲಿನಲ್ಲೂ ಗೇಣಿ ಮಾಡುತ್ತಿದ್ದವರು ಒಡೆಯರಾದರು. ಆದರೆ ಆ ಕಾಯ್ದೆ ಪ್ಲಾಂಟೇಷನ್‌ಗಳನ್ನು ಹೊರಗಿಟ್ಟಿತು. ಗದ್ದೆಯ ಅಂಚಿನವರೆಗೆ ಬಂದ ಸಾಮಾಜಿಕ ನ್ಯಾಯ ಕಾಫಿ ತೋಟದ ಗೇಟಿನಲ್ಲಿ ನಿಂತಿತು. ಲೈನ್ ಮನೆಯವರಿಗೆ ಸಿಕ್ಕಿದ್ದು ಕೂಲಿ ಮತ್ತು 1951ರ ಪ್ಲಾಂಟೇಷನ್ ಕಾರ್ಮಿಕರ ಕಾಯ್ದೆ. ಆ ಕಾಯ್ದೆ ಮನೆ, ಆಸ್ಪತ್ರೆ, ಮಕ್ಕಳ ಶಾಲೆ ಎಂದೆಲ್ಲ ಹೇಳುತ್ತಿತ್ತು. ಮನೆ ಕೊಡುವುದು ಮಾಲೀಕನ ಜವಾಬ್ದಾರಿ ಎಂದಾದ ಮೇಲೆ ಕೆಲಸ ಬಿಟ್ಟ ದಿನ ಮನೆಯೂ ಬಿಡಬೇಕು ಎಂಬುದೂ ಅದರೊಳಗೇ ಬಂತು. ಸ್ಟೇಟಸ್ ಹಾಕಿದ ಹುಡುಗನ ಅಪ್ಪ ಹೆದರುವುದು ಇದಕ್ಕೆ.

ಈಚಿನ ಉದಾಹರಣೆಯೂ ಇದೆ. ಸರ್ಕಾರಿ ಭೂಮಿ ಒತ್ತುವರಿ ಮಾಡಿ ಕಾಫಿ, ಏಲಕ್ಕಿ, ಮೆಣಸು ಬೆಳೆದವರಿಗೆ 25 ಎಕರೆವರೆಗೆ 30 ವರ್ಷದ ಗುತ್ತಿಗೆಗೆ ಕೊಡಲು ಭೂಕಂದಾಯ ಕಾಯ್ದೆಗೆ ತಿದ್ದುಪಡಿಯಾಗಿದೆ. ಅದೇ ಹೋಬಳಿಯಲ್ಲಿ ತುಂಡು ಭೂಮಿ ಉಳುತ್ತಿರುವವನು ಸಕ್ರಮಕ್ಕೆಂದು ಫಾರಂ 50 ಹಾಕಿ, 53 ಹಾಕಿ, 57 ಹಾಕಿ ಬಗರ್ ಹುಕುಂ ಸಮಿತಿ ಯಾವಾಗ ಸೇರುತ್ತದೆ ಎಂದು ಕಾಯುತ್ತಿದ್ದಾನೆ. ಸಣ್ಣ ಬೆಳೆಗಾರರ ಕಷ್ಟ ನನಗೆ ಗೊತ್ತಿಲ್ಲವೆಂದಲ್ಲ. ಎರಡು ಎಕರೆ ಒತ್ತುವರಿಯನ್ನೂ ಇಪ್ಪತ್ತೈದು ಎಕರೆ ಒತ್ತುವರಿಯನ್ನೂ ಒಂದೇ ತಕ್ಕಡಿಯಲ್ಲಿ ಹಾಕಲಾಗದು. ನನ್ನ ಪ್ರಶ್ನೆ ಬೇರೆ. ಧರ್ಮ, ದೇವರು, ಸಂವಿಧಾನದ ಬಗ್ಗೆ ಗುಡುಗುವ ನಾಯಕರ ಬಾಯಲ್ಲಿ ಫಾರಂ 57 ಎಂಬ ಮಾತು ನೀವು ಎಷ್ಟು ಸಲ ಕೇಳಿದ್ದೀರಿ? ಕೇಳಿರುವುದಿಲ್ಲ. ಅದನ್ನು ಆಡಿದರೆ ಚಪ್ಪಾಳೆ ಬೀಳುವುದಿಲ್ಲ, ಸ್ವಂತ ಪಕ್ಷದ ತೋಟದ ಮಾಲೀಕರು ಮುಖ ಗಂಟಿಕ್ಕುತ್ತಾರೆ. ನೇರ ನುಡಿಯ ನಾಯಕರೂ ಎಲ್ಲಿ ನೇರವಾಗಬೇಕು ಎಂಬುದನ್ನು ಆರಿಸಿಕೊಂಡಿರುತ್ತಾರೆ. ಅವರ ಹಿಂದೆ ಹೋಗುವವನಿಗೆ ಈ ಆಯ್ಕೆ ಕಾಣಿಸಬೇಕು.

ನ್ಯೂಯಾರ್ಕ್ ನಗರದಲ್ಲಿ 2025ರ ನವೆಂಬರ್‌ನಲ್ಲಿ ಜೊಹ್ರಾನ್ ಮಮ್ದಾನಿ ಮೇಯರ್ ಆಗಿ ಆಯ್ಕೆಯಾದಾಗ ನಮ್ಮ ಪ್ರಗತಿಪರ ಯುವಕರೂ ಸಂಭ್ರಮಿಸಿದರು. ಅವರ ಮಾತಿನ ಧೈರ್ಯವನ್ನು ಎಲ್ಲರೂ ಹೊಗಳಿದರು. ಆದರೆ ಆ ಗೆಲುವಿನ ಬೆನ್ನೆಲುಬು ಭಾಷಣವಲ್ಲ. ಹತ್ತಾರು ಸಾವಿರ ಯುವಕರು ತಿಂಗಳುಗಟ್ಟಲೆ ಮೆಟ್ಟಿಲು ಹತ್ತಿಳಿದು ಬಾಗಿಲು ತಟ್ಟಿದ್ದರು. ಆ ಬೇಡಿಕೆಗಳನ್ನು ನೋಡಿ: ಮನೆ ಬಾಡಿಗೆ, ಬಸ್ಸು, ಮಕ್ಕಳನ್ನು ನೋಡಿಕೊಳ್ಳುವ ಖರ್ಚು. ಅಲ್ಲಿಯ ಫಾರಂ 57 ಅವು. ಬಾಗಿಲು ತಟ್ಟಿದವನಿಗೆ ಬಾಗಿಲು ತೆರೆದವರು ಬೈಯಬಹುದು, ಒಳಗೆ ಕರೆದು ಕೂರಿಸಬಹುದು. ಎರಡರಲ್ಲಿ ಏನಾದರೂ ತನ್ನ ನಾಯಕನ ಮಾತು ಇಲ್ಲಿ ಹೇಗೆ ಕೇಳಿಸುತ್ತದೆ ಎಂಬುದು ಅವನಿಗೆ ತಿಳಿಯುತ್ತದೆ. ಹೊಂಗಡಹಳ್ಳದಲ್ಲಿ ಒಂದು ಮನೆಯಿಂದ ಇನ್ನೊಂದು ಮನೆಗೆ ಮಳೆಗಾಲದಲ್ಲಿ ಹೋಗಬೇಕೆಂದರೆ ಜಿಗಣೆಗೆ ರಕ್ತ ಕೊಟ್ಟು, ಹಳ್ಳ ದಾಟಿ, ಆನೆ ಎಲ್ಲಿದೆ ಎಂದು ವಾಟ್ಸಾಪ್ ಗುಂಪಿನಲ್ಲಿ ನೋಡಿಕೊಂಡು ಹೊರಡಬೇಕು. ವೀಡಿಯೊ ಹಂಚಲು ಇದಾವುದೂ ಬೇಕಿಲ್ಲ.

ಈ ಊರಿಗೆ ಹೊರಗಿನ ದೊಡ್ಡವರ ಮಾತಿನ ಅನುಭವ ಇಲ್ಲವೆಂದಲ್ಲ. ಕರ್ನಾಟಕ ವಿದ್ಯುತ್ ನಿಗಮದ ಗುಂಡ್ಯ ಜಲವಿದ್ಯುತ್ ಯೋಜನೆ, 200 ಮೆಗಾವಾಟ್‌ನದು, ಎತ್ತಿನಹೊಳೆ, ಕೇರಿಹೊಳೆ, ಹೊಂಗಡಹಳ್ಳ, ಬೆಟ್ಟಕುಮರಿಯ ಹಳ್ಳಗಳ ನೀರನ್ನೆಲ್ಲ ತಿರುಗಿಸಿ ಸುರಂಗಕ್ಕೆ ಹಾಯಿಸುವ ಲೆಕ್ಕಾಚಾರದ್ದು. ಊರ ಹುಡುಗರು ವಿರೋಧಿಸಿದರು. ಪರಿಸರದವರು ಬಂದರು, ಪತ್ರಿಕೆಯವರು ಬಂದರು. ಮಾಧವ ಗಾಡ್ಗೀಳರ ನೇತೃತ್ವದ ಪಶ್ಚಿಮ ಘಟ್ಟ ತಜ್ಞರ ಸಮಿತಿ ಇತ್ತ ಬಂದು ಜನರ ಮಾತು ಕೇಳಿತು, ಯೋಜನೆಗೆ ಅನುಮತಿ ಕೊಡಬಾರದು ಎಂದು 2011ರ ವರದಿಯಲ್ಲಿ ಬರೆಯಿತು. ಆಗ ಗಾಡ್ಗೀಳ್ ದೊಡ್ಡ ಮನುಷ್ಯ. ಎರಡೇ ವರ್ಷದಲ್ಲಿ ಕಸ್ತೂರಿರಂಗನ್ ವರದಿ ಬಂದು, ಸೂಕ್ಷ್ಮ ಪ್ರದೇಶ ಎಂಬ ಪಟ್ಟಿಯಲ್ಲಿ ಹಳ್ಳಿಗಳ ಹೆಸರು ಕಾಣಿಸಿಕೊಂಡಾಗ ಮಲೆನಾಡಿನ ಬೀದಿಗಳಲ್ಲಿ ಇಬ್ಬರ ಹೆಸರನ್ನೂ ಒಂದೇ ಉಸಿರಿನಲ್ಲಿ ಬೈದರು. ಅಣೆಕಟ್ಟು ಬೇಡ ಎಂದವರೇ ವರದಿಯೂ ಬೇಡ ಎಂದರು. ಇದನ್ನು ಇಬ್ಬಂದಿತನ ಎಂದು ನಗರದ ಗೆಳೆಯರು ಹೀಯಾಳಿಸಿದ್ದನ್ನು ಕೇಳಿದ್ದೇನೆ. ಅರ್ಧ ಸತ್ಯ. ಮಿಕ್ಕರ್ಧ ಏನೆಂದರೆ, ವರದಿಯ ಪುಟಗಳಲ್ಲಿ ಏನಿದೆ ಎಂದು ಕನ್ನಡದಲ್ಲಿ ಮನೆಮನೆಗೆ ಹೋಗಿ ಓದಿ ಹೇಳಿದವರು ಬಹಳ ಕಡಿಮೆ. ಭಯ ಹುಟ್ಟಿಸಲು ಬಂದ ರಾಜಕಾರಣಿಗಳು ಮಾತ್ರ ಬೇಕಾದಷ್ಟು ಮಂದಿ. ಗ್ರಾಮಸಭೆಯ ಒಪ್ಪಿಗೆ ಬೇಕು ಎಂದು ಗಾಡ್ಗೀಳ್ ಸಮಿತಿ ಒತ್ತಿ ಹೇಳಿದ್ದ ಮಾತು ಗ್ರಾಮಸಭೆಯನ್ನು ತಲುಪಲೇ ಇಲ್ಲ.

ಬಸವಲಿಂಗಪ್ಪನವರ ವಿಷಯಕ್ಕೆ ಮತ್ತೆ ಬರುತ್ತೇನೆ, ಅಲ್ಲಿ ಹೇಳದೆ ಬಿಟ್ಟದ್ದೊಂದಿದೆ. ಮಂತ್ರಿಗಿರಿ ಕಳೆದುಕೊಂಡ ಕೆಲವು ವರ್ಷಗಳ ಮೇಲೆ ಅವರು ಕಂದಾಯ ಮಂತ್ರಿಯಾಗಿ ವಾಪಸ್ ಬಂದರು. ಆ ಅವಧಿಯಲ್ಲಿ ಬಂದದ್ದು 1978ರ ಪಿಟಿಸಿಎಲ್ ಕಾಯ್ದೆ, 1979ರ ಜನವರಿ 1ರಿಂದ ಜಾರಿಯಾದದ್ದು. ಪರಿಶಿಷ್ಟರಿಗೆ ಸರ್ಕಾರ ಮಂಜೂರು ಮಾಡಿದ ಭೂಮಿಯನ್ನು ಷರತ್ತು ಮೀರಿ ಯಾರಾದರೂ ಕೊಂಡಿದ್ದರೆ ಆ ಕ್ರಯ ಅಸಿಂಧು, ಭೂಮಿ ಮೂಲ ಮಂಜೂರಾತಿದಾರನಿಗೋ ಅವನ ವಾರಸುದಾರರಿಗೋ ವಾಪಸ್. ಸಾರಾಯಿ ಸಾಲಕ್ಕೆ, ಮದುವೆ ಸಾಲಕ್ಕೆ ಹೆಬ್ಬೆಟ್ಟು ಒತ್ತಿ ಕಳೆದುಕೊಂಡಿದ್ದ ಎಷ್ಟೋ ಎಕರೆ ಹೀಗೆ ಹಿಂದಕ್ಕೆ ಬಂತು. ಬೂಸಾ ಮಾತಿಗೆ ಎದ್ದ ಗದ್ದಲದ ಕಾಲು ಭಾಗವೂ ಈ ಕಾಯ್ದೆಗೆ ಏಳಲಿಲ್ಲ. ನನ್ನ ಮಟ್ಟಿಗೆ ಅವರು ಆಡಿದ ಅತ್ಯಂತ ಖಾರದ ಮಾತು ಇದೇ, ಕಾಯ್ದೆಯ ಭಾಷೆಯಲ್ಲಿ ಇದ್ದುದರಿಂದ ಯಾರಿಗೂ ಕೇಳಿಸಲಿಲ್ಲ. ಕೇಳಿಸಿಕೊಂಡವರು ಭೂಮಿ ಕೊಂಡಿದ್ದವರು ಮತ್ತು ಅವರ ವಕೀಲರು. ಅರ್ಜಿ ಹಾಕಲು ತಡವಾಯಿತು ಎಂಬ ಕಾರಣಕ್ಕೆ, 2017ರ ಸುಪ್ರೀಂ ಕೋರ್ಟ್ ತೀರ್ಪಿನ ನಂತರ ಕೇಸುಗಳು ಬಿದ್ದುಹೋಗತೊಡಗಿದವು. ದಲಿತ ಸಂಘಟನೆಗಳು ತಿಂಗಳುಗಟ್ಟಲೆ ಧರಣಿ ಕೂತ ಮೇಲೆ 2023ರಲ್ಲಿ ತಿದ್ದುಪಡಿಯಾಗಿ ಕಾಲಮಿತಿಯ ತೊಡಕು ತೆಗೆಯಬೇಕಾಯಿತು. ಆ ಧರಣಿಯ ವೀಡಿಯೊಗಳು ದಿಬ್ಬದ ಮೇಲಿನ ಹುಡುಗನವರೆಗೆ ಬಂದಿರಲಾರವು. ಅಲ್ಲಿ ಗುಡುಗುವವರು ಯಾರೂ ಇರಲಿಲ್ಲ.

ಸಕಲೇಶಪುರದ ಉಪವಿಭಾಗಾಧಿಕಾರಿ ಕೋರ್ಟಿಗೆ ಪಿಟಿಸಿಎಲ್ ಕೇಸಿಗೆಂದು ಬರುವ ಮುದುಕರಿಗೆ ಬಸವಲಿಂಗಪ್ಪ ಯಾರೆಂದು ಗೊತ್ತಿಲ್ಲ. ಅವರಿಗೆ ಬೇಕಾದದ್ದು ಅಜ್ಜನ ಹೆಸರಿನ ಮಂಜೂರಾತಿ ಆದೇಶದ ನಕಲು, ಸಾಗುವಳಿ ಚೀಟಿ, ವಂಶವೃಕ್ಷ. ಇವನ್ನು ರೆಕಾರ್ಡ್ ರೂಮಿನಿಂದ ತೆಗೆಸಬೇಕಾದರೆ ಅರ್ಜಿ ಬರೆಯಬಲ್ಲ, ಮೂರು ಸಲ ಬನ್ನಿ ಎಂದರೆ ನಾಲ್ಕನೆಯ ಸಲವೂ ಬರಬಲ್ಲ ಒಬ್ಬ ಹುಡುಗ ಬೇಕು. ಬೆಂಗಳೂರಿನ ನಾಯಕರ ಸಮಾವೇಶಕ್ಕೆ ಬಸ್ಸು ಹತ್ತಬೇಡಿ ಎಂದು ನಾನು ಯಾರಿಗೂ ಹೇಳುವುದಿಲ್ಲ. ಹೋಗಲಿ, ಕೇಳಲಿ, ರಕ್ತ ಬಿಸಿಯಾಗುವ ವಯಸ್ಸಿನಲ್ಲಿ ಆಗಲಿ. ಆದರೆ ವೇದಿಕೆ ಇಳಿದ ಮೇಲೆ ನಾಯಕರ ಸುತ್ತ ಸೆಲ್ಫಿಗೆ ನುಗ್ಗುವ ಬದಲು ಒಬ್ಬರಾದರೂ ಕೇಳಬೇಕು: ಸಾರ್, ನೀವು ಆಡಿದ ಮಾತು ನಮ್ಮೂರಲ್ಲಿ ನಾನು ಆಡಿದರೆ ನಮ್ಮಪ್ಪನ ಮನೆ ಹೋಗುತ್ತೆ, ಆಗ ಯಾರಿಗೆ ಫೋನ್ ಮಾಡಲಿ? ಆ ಪ್ರಶ್ನೆಗೆ ಹೆಸರು, ನಂಬರು ಕೊಡುವವರನ್ನು ಹಿಂಬಾಲಿಸಬಹುದು. ಸಂವಿಧಾನದ ಬಗ್ಗೆ ಇನ್ನೊಂದು ಭಾಷಣ ಕೊಡುವವರ ವೀಡಿಯೊ ನೋಡಿದರೆ ಸಾಕು.

ಇದನ್ನೆಲ್ಲ ಮೊದಲು ಚೆನ್ನಾಗಿ ಅರಿತವರು ದಲಿತ ಸಂಘರ್ಷ ಸಮಿತಿಯವರೇ. ಎಪ್ಪತ್ತು, ಎಂಬತ್ತರ ದಶಕದಲ್ಲಿ ಒಂದು ಹಳ್ಳಿಯಲ್ಲಿ ಹೋಟೆಲ್ ಲೋಟದ ಜಗಳವಾದರೆ ಪಕ್ಕದ ತಾಲ್ಲೂಕಿನಿಂದ ಸೈಕಲ್ಲಿನಲ್ಲಿ ಜನ ಬರುತ್ತಿದ್ದರು. ಪೆಟ್ಟನ್ನು ಹಂಚಿಕೊಳ್ಳುವ ಏರ್ಪಾಡು ಅದು. ಆಮೇಲೆ ಚುನಾವಣೆಯಲ್ಲಿ ಯಾರನ್ನು ಬೆಂಬಲಿಸಬೇಕು, ಯಾವ ಪಕ್ಷದ ಜೊತೆ ಕೂರಬೇಕು ಎಂಬ ಜಗಳದಲ್ಲಿ ಅದು ಒಡೆಯಿತು, ಒಡೆದದ್ದು ಮತ್ತೆ ಒಡೆಯಿತು. ಹಿಂಬಾಲಕರಾಗಿ ಶುರುಮಾಡಿದವರಲ್ಲಿ ಕೆಲವರು ನಾಯಕರಾದರು, ಕೆಲವರು ವಿಧಾನ ಪರಿಷತ್ತಿಗೆ ಹೋದರು, ಅವರಿಗೂ ಹಿಂಬಾಲಕರಾದರು. ಈಗ ತಾಲ್ಲೂಕು ಕಚೇರಿಗೆ ಹೋಗಿ ದಸಂಸದಿಂದ ಬಂದಿದ್ದೇವೆ ಎಂದರೆ ಗುಮಾಸ್ತರು ಅರ್ಜಿಗೆ ಕೈ ಚಾಚುವ ಮೊದಲು "ಯಾವ ಬಣ?" ಎನ್ನುತ್ತಾರೆ. ಉತ್ತರ ಹೇಳಿ ಮುಗಿಸುವಷ್ಟರಲ್ಲಿ ಊಟದ ಹೊತ್ತಾಗಿರುತ್ತದೆ.